ಕಪ್ಪೆಗೆ ಸ್ಪ್ರೇ, ದೊಡ್ಡಪ್ಪನಿಗೆ ಗೊರಬು

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಕರೆಂಟ್ ಹೋಗಿ ಮೂರನೇ ದಿನ. ನಮ್ಮನೆ ಅಂಗಳಕ್ಕೆ ಬೆಂಗಳೂರಿನ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಹದಿನಾಲ್ಕು ಜನ ಇಳಿದರು. ತಲೆಗೊಂದು ಬೆನ್ನುಚೀಲ, ತಲೆಗೊಂದು ಟ್ರೈಪಾಡ್. ದೊಡ್ಡಪ್ಪ ಜಗಲಿಯಿಂದ ನೋಡಿದವರೇ ಪಹಣಿ ಹುಡುಕಲು ಒಳಗೆ ಓಡಿದರು. ಅವರ ತಪ್ಪಲ್ಲ. ಸಾಗುವಳಿ ಮಾಡಿದ ಸರ್ಕಾರಿ ಜಾಗ ಸಕ್ರಮ ಮಾಡಿಕೊಡಿ ಅಂತ ಬಗರ್‌ಹುಕುಂ ಅರ್ಜಿ ಹಾಕಿ ಕೂತ ಮಲೆನಾಡಿನವರಿಗೆ ಮೂರು ಕಾಲಿನ ಸ್ಟ್ಯಾಂಡ್ ಕಂಡರೆ ಸರ್ವೆಯವರೇ ಬಂದರು ಅಂತ ಎದೆ ಹೊಡೆದುಕೊಳ್ಳುತ್ತದೆ.

ಸರ್ವೆ ಅಲ್ಲ, ಫೋಟೋ ಟೂರ್ ಅಂತ ಗೊತ್ತಾದ ಮೇಲೆ ಕಾಫಿ ಬಂತು. ಆಗುಂಬೆಯ ಕಾಡು, ಘಾಟಿ ಇಳಿದು ಮರವಂತೆ, ಮುರುಡೇಶ್ವರ, ಹೊನ್ನಾವರದಿಂದ ಮೇಲೆ ಹತ್ತಿ ಜೋಗ. ನಾಲ್ಕು ದಿನ. ದಾರಿ ತೋರಿಸಲು ನಾನು. ಅವರ ಜೊತೆ ಒಬ್ಬ ಮೆಂಟರ್ ಇದ್ದ. ಮೊದಲ ಪಾಠ ನಮ್ಮ ಜಗಲಿಯ ಮೇಲೇ ಆಯಿತು: "ಪ್ರಕೃತಿ ಹೇಗಿದೆಯೋ ಹಾಗೇ ಹಿಡಿಯಿರಿ. ಏನನ್ನೂ ಮುಟ್ಟಬೇಡಿ." ನನಗೆ ಆ ಮಾತು ಬಹಳ ಹಿಡಿಸಿತು. ರಾತ್ರಿ ಊಟದವರೆಗೆ.

ಊಟ ಮುಗಿಸಿ ಕೆರೆ ದಂಡೆಗೆ ಹೋದೆವು. ಮಲಬಾರ್ ಹಾರುವ ಕಪ್ಪೆ ಈ ಮಳೆಯಲ್ಲೇ ಜೋಡಿಯಾಗುವುದು. ನೀರಿನ ಮೇಲೆ ಬಾಗಿದ ಎಲೆಯಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ, ಮರಿ ಹೊರಬಂದರೆ ಸೀದಾ ಕೆರೆಗೇ ಬೀಳಬೇಕು ಅಂತ. ಅಂಥ ಲೆಕ್ಕಾಚಾರದ ಸಂಸಾರಕ್ಕೆ ಹದಿನಾಲ್ಕು ಟಾರ್ಚ್ ಬಿದ್ದವು. ನಮ್ಮ ಮದುವೆ ವಿಡಿಯೋಗೂ ಅಷ್ಟು ಲೈಟ್ ಹಾಕಿರಲಿಲ್ಲ. ಕಪ್ಪೆ ಕೂತ ಎಲೆ ಸರಿಯಿಲ್ಲವಂತೆ, ಕಡ್ಡಿಯಿಂದ ಎತ್ತಿ ಬೇರೆ ಎಲೆಗೆ ಕೂರಿಸಿದರು. ಆಮೇಲೆ ಮೆಂಟರ್ ಕಣ್ಣು ಕಿರಿದು ಮಾಡಿ ಅಂದ: "ಕಪ್ಪೆ ಸ್ವಲ್ಪ ಡ್ರೈ ಕಾಣ್ತಿದೆ."

ಬ್ಯಾಗಿನಿಂದ ಸ್ಪ್ರೇ ಬಾಟಲಿ ಬಂತು. ಇಸ್ತ್ರಿ ಅಂಗಡಿಯಲ್ಲಿ ಇರುತ್ತಲ್ಲ, ಅಂಥದ್ದೇ. ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ, ಜುಲೈ ತಿಂಗಳಲ್ಲಿ, ಒಬ್ಬ ಮನುಷ್ಯ ಕಪ್ಪೆಗೆ ನೀರು ಚಿಮುಕಿಸುತ್ತಿದ್ದ. ಅವನು ನೆನೆಯದ ಹಾಗೆ ನಾನು ಕೊಡೆ ಹಿಡಿದಿದ್ದೆ. ರಕ್ತ ಹೀರುವ ಉಂಬಳಗಳು ಮಾತ್ರ ಯಾರ ಅಪ್ಪಣೆಗೂ ಕಾಯದೆ ತಮ್ಮ ಕೆಲಸ ಮಾಡುತ್ತಿದ್ದವು.

ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಯಿತು. ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ಔಷಧಿ ಹೊಡೆಯಲು ಇಂಥ ಎರಡು ಗಂಟೆ ಸಿಕ್ಕರೆ ಅದೇ ಪುಣ್ಯ. ಔಷಧಿ ಹೊಡೆಯುವವನು ಸಿಕ್ಕರೆ ಇನ್ನೂ ದೊಡ್ಡ ಪುಣ್ಯ. ಎರಡೂ ಕೂಡಿ ಬಂದು, ಅವನು ಮರ ಹತ್ತಿ ಪೈಪ್ ತಿರುಗಿಸಿದ. ಮೈಲುತುತ್ತದ ನೀಲಿ ಹನಿ ಮಂಜಿನ ಹಾಗೆ ಹರಡಿತು. ಕೆಳಗೆ ಹದಿನಾಲ್ಕು ಬಾಯಿಂದ ಒಂದೇ ಉದ್ಗಾರ. "ಅಣ್ಣಾ, ಗೊನೆಗೆ ಬೇಡ, ಈ ಕಡೆ ಗಾಳಿಗೆ ಹೊಡೀರಿ! ಬೆಳಕು ಚೆನ್ನಾಗಿದೆ!" ಅರ್ಧ ಡ್ರಮ್ ಔಷಧಿ ಗಾಳಿಗೆ ಹೋಯಿತು. ಗಾಳಿಗೆ ಈ ವರ್ಷ ಕೊಳೆ ಬರುವುದಿಲ್ಲ.

ಆಮೇಲೆ ದೊಡ್ಡಪ್ಪನ ಸರದಿ. ಅವರು ತೊಟ್ಟಿದ್ದ ಪ್ಲಾಸ್ಟಿಕ್ ರೇನ್‌ಕೋಟ್ "ಫ್ರೇಮ್ ಹಾಳು ಮಾಡುತ್ತಂತೆ". ಅಟ್ಟದಲ್ಲಿ ಜೇಡರ ಬಲೆ ಹೊದ್ದಿದ್ದ, ಮಳೆಗೆ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಹಳೇ ಕಾಲದ ಗೊರಬು ಇಳಿಸಿದರು. ನಾಟಿ ಮಾಡುವ ಹಾಗೆ ಬಗ್ಗಬೇಕಿತ್ತು. ಎಲ್ಲಿ ಬಗ್ಗುವುದು? ನಮ್ಮ ಗದ್ದೆ ತೋಟವಾಗಿ ಹದಿನೈದು ವರ್ಷ ಆಯಿತು. ಪರವಾಗಿಲ್ಲ ಅಂತ ತೋಟದ ಕಾಲುವೆಯಲ್ಲಿ ನಿಲ್ಲಿಸಿ, ದನಕ್ಕೆ ಕೊಯ್ದ ಹುಲ್ಲನ್ನೇ ಕೈಗೆ ಕೊಟ್ಟರು. "ಅಜ್ಜಾ, ಕ್ಯಾಮೆರಾ ನೋಡ್ಬೇಡಿ. ನ್ಯಾಚುರಲ್ ಆಗಿರಿ." ಮಲೆನಾಡಿನ ಮುಗ್ಧ ರೈತ ಅಂತ ಹೆಸರಿಟ್ಟರು. ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆಗೆಷ್ಟು, ಬೆಟ್ಟೆ ಅಡಿಕೆಗೆಷ್ಟು ಅಂತ ದಿನಕ್ಕೆ ಮೂರು ಸಲ ಮೊಬೈಲ್ ನೋಡಿ, ಧಾರಣೆ ಏರುವವರೆಗೆ ಮೂಟೆ ಬಿಚ್ಚದ ಮನುಷ್ಯ ಮುಗ್ಧ!

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಮಂಜನ್ನೇ ಇನ್ನೂರು ಸಲ ತೆಗೆದರು. ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ಇವರೂ ಹದಿನಾಲ್ಕು ಜನ. ತಲೆಗೊಂದರಂತೆ ಗಾಡಿ ನಿಲ್ಲಿಸಿದರು, ಹಿಂದಿನ ಕಾರುಗಳ ಹಾರ್ನ್ ಹೆಬ್ರಿಗೂ ಕೇಳಿರಬೇಕು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಇವರು ಎರಡನ್ನೂ ಬಿಟ್ಟು ನಡುವಿನ ಹೈವೇಯಲ್ಲಿ ಅಂಗಾತ ಮಲಗಿದರು. "ಮೀನುಗಾರಿಕೆ ಬೋಟ್ ಒಂದೂ ಇಲ್ವಲ್ಲ?" ಅಂತ ದೂರು ಬೇರೆ. ಮೀನು ಮರಿ ಮಾಡುವ ಕಾಲ, ಜುಲೈ 31ರವರೆಗೆ ಯಾಂತ್ರಿಕ ಬೋಟ್ ಇಳಿಯುವಂತಿಲ್ಲ ಅಂದೆ. "ಮೊದಲೇ ಹೇಳೋದಲ್ವಾ?" ಅಂದರು. ಮೀನಿಗೆ ಹೇಳಬೇಕಿತ್ತು.

ಜೋಗದಲ್ಲಂತೂ 253 ಮೀಟರ್ ಎತ್ತರದ ಜಲಪಾತ ಕಿವಿಗೆ ಮಾತ್ರ ಬಿತ್ತು. ಎದುರಿಗೆ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಗೋಡೆಯ ಹಿಂದೆ. ಹೊಳೆಯ ಮೇಲ್ಗಡೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಇದೆ ಅಂತ ನಾನು ಸುಮ್ನೆ ಬಾಯಿ ಬಿಟ್ಟಿದ್ದೇ ತಪ್ಪಾಯಿತು. "ಹಾಗಾದ್ರೆ ಫೋನ್ ಮಾಡಿ ಸರ್, ರಾಣಿಗೆ ಸ್ವಲ್ಪ ಜಾಸ್ತಿ ಬಿಡಲಿ" ಅಂದ ಒಬ್ಬ.

ಅವರು ನಮ್ಮನೆಯಿಂದ ಹೊರಡುವ ದಿನ ದೊಡ್ಡಪ್ಪ ಒಂದೇ ಒಂದು ಕೇಳಿದ್ದರು. "ಸೊಸೈಟಿ ಸಾಲದ ಅರ್ಜಿಗೆ ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ಇಷ್ಟು ಕ್ಯಾಮೆರಾ ಇದೆ, ಒಂದು ತೆಗೆದುಕೊಡಿ." ಮೆಂಟರ್ ಒಪ್ಪಿದ. ಬಾಗಿಲ ಪಕ್ಕ ಕೂರಿಸಿ, ಅರ್ಧ ಗಂಟೆ ಕತ್ತು ತಿರುಗಿಸಿ ತೆಗೆದ. ಮೂರು ವಾರದ ಮೇಲೆ ಫೋಟೋ ವಾಟ್ಸಾಪಿಗೆ ಬಂತು. ಕಪ್ಪು ಬಿಳುಪು. ಮುಖ ಅರ್ಧ ಕತ್ತಲು, ಇನ್ನರ್ಧ ಸುಕ್ಕು. ಒಂದು ಕಿವಿ ಇಲ್ಲವೇ ಇಲ್ಲ. ಸೊಸೈಟಿ ಸೆಕ್ರೆಟರಿ ಅದನ್ನು ನೋಡಿ, "ಯಾವಾಗ ತೀರಿಕೊಂಡರು?" ಅಂತ ಕೇಳಿದ. ಎದುರಿಗೆ ನಿಂತಿದ್ದ ದೊಡ್ಡಪ್ಪನನ್ನೇ.

ಮಾರನೇ ದಿನ ಬಸ್ ಹತ್ತಿ ತೀರ್ಥಹಳ್ಳಿಯ ಸ್ಟುಡಿಯೋಗೆ ಹೋದೆವು. ಹುಡುಗ ಸ್ಟೂಲ್ ತೋರಿಸಿ, "ಅಜ್ಜಾ, ಗಲ್ಲ ಸ್ವಲ್ಪ ಮೇಲೆ" ಅಂದ. ಆಮೇಲೆ ಕೇಳಿದ: "ಹಿಂದೆ ಯಾವ ಪರದೆ ಬಿಡ್ಲಿ? ಬಿಳಿಯದಾ, ಜೋಗ್ ಫಾಲ್ಸಾ?"

"ಯಾವುದಾದ್ರೂ ಬಿಡು ಮಾರಾಯ" ಅಂದರು ದೊಡ್ಡಪ್ಪ, "ಈ ಮಳೆಗಾಲದಲ್ಲಿ ಎರಡೂ ಒಂದೇ ಅಂತೆ."