ಮದುವೆಯ ಮಾತು ಕೊಟ್ಟು ಪಡೆದ ಒಪ್ಪಿಗೆ: ಜೈಲಿಗೆ ಕಳಿಸಬೇಕೆ?

ಪರ

ಒಂದು ಗುಂಟೆ ಜಾಗದ ಹೆಸರಲ್ಲಿ ಸುಳ್ಳು ಹೇಳಿ ದುಡ್ಡು ಎತ್ತಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 318(4)ರಡಿ 7 ವರ್ಷದವರೆಗೆ ಸಜೆ. ಮದುವೆಯ ಸುಳ್ಳು ಹೇಳಿ ಮೈಮೇಲೆ ಕೈಹಾಕಿದವನನ್ನು ಮಾತ್ರ ‘ಅವಳೂ ಒಪ್ಪಿದ್ದಳಲ್ಲ’ ಎಂದು ಬಿಟ್ಟುಬಿಡುವುದು ಯಾವ ಲೆಕ್ಕ? 2024ರ ಜುಲೈ 1ರಂದು ಜಾರಿಗೆ ಬಂದ ಸಂಹಿತೆಯ 69ನೇ ಕಲಂ ಇದಕ್ಕೇ ಇರುವುದು. ಕೃತ್ಯ ಅತ್ಯಾಚಾರದ ವ್ಯಾಖ್ಯೆಗೆ ಬರದಿದ್ದರೂ, ನಡೆಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದವನಿಗೆ 10 ವರ್ಷದವರೆಗೆ ಸಜೆ, ದಂಡ. ನೌಕರಿ, ಬಡ್ತಿಯ ಆಸೆ ತೋರಿಸುವುದು, ಗುರುತು ಮುಚ್ಚಿಟ್ಟು ಮದುವೆಯಾಗುವುದು ಕೂಡ ಇದರಲ್ಲೇ ಬರುತ್ತವೆ.

ಮಾತು ಮುರಿದವರೆಲ್ಲ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಕೊಟ್ಟ ದಿನವೇ ಮಾತು ಸುಳ್ಳಾಗಿರಬೇಕು, ಅದನ್ನು ನಂಬಿಯೇ ಅವಳು ಒಪ್ಪಿರಬೇಕು. ಹಳೇ ದಂಡಸಂಹಿತೆಯ ಕಾಲದಲ್ಲೇ, 2019ರಲ್ಲಿ, ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಅಳತೆ ಇದು. ಜತ್ತದಲ್ಲಿ ಹೆಂಡತಿ ಇದ್ದವನು ಅಥಣಿಗೆ ಬಂದು ಇನ್ನೊಬ್ಬಳ ಮುಂದೆ ಸಾಖರಪುಡಾದ (ನಿಶ್ಚಿತಾರ್ಥದ) ಮಾತು ಆಡಿದ ಎನ್ನಿ. ಅವನ ಪಡಿತರ ಚೀಟಿಯಲ್ಲಿ ಹೆಂಡತಿಯ ಹೆಸರಿದೆ. ಮೊದಲ ದಿನದ ಮನಸ್ಸಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಕೇಸು ಬಿದ್ದುಹೋಗುವುದು ಹೆಚ್ಚಾಗಿ ಸಾಕ್ಷ್ಯ ಕೂಡಿಸುವಲ್ಲಿ. ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹೊಡೆಸಿ ಕಡತಕ್ಕೆ ಹಚ್ಚಿದರೆ ನಡೆಯದು. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು: ಭಾಗ ‘ಎ’ಗೆ ಫೋನಿನವರ ಸಹಿ, ಭಾಗ ‘ಬಿ’ಗೆ ತಜ್ಞರ ಸಹಿ, ಎರಡರಲ್ಲೂ ಹ್ಯಾಶ್ ಮೌಲ್ಯ (ದಾಖಲೆ ತಿದ್ದಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು). ಸಿಟ್ಟಿನಲ್ಲಿ ಚಾಟ್ ಅಳಿಸಿದರೆ, ಫೋನ್ ಮಾರಿದರೆ ಗಟ್ಟಿ ಕೇಸೂ ಸಡಿಲ. ಇದು ತನಿಖೆಯ ಕೊರತೆ, ಕಲಮಿನದಲ್ಲ.

ವಿರೋಧ

ಗುಂಟೆ ಜಾಗದ ಹೋಲಿಕೆ ಕೇಳಲು ಚಂದ. ಆದರೆ ವಂಚನೆಯ ವ್ಯಾಖ್ಯೆಯೊಳಗೆ ದೇಹ, ಮನಸ್ಸು, ಮಾನಕ್ಕಾದ ಹಾನಿಯೂ ಮೊದಲಿನಿಂದ ಇದೆ. 318(2)ರಡಿ 3 ವರ್ಷದವರೆಗೆ ಸಜೆಯೂ ಇದೆ. ಜತ್ತದ ಆ ಗಂಡನಿಗೆ ಅದೇ ಸಾಕು.

10 ವರ್ಷ ಎಂದು ಬರೆದಾಗ ಠಾಣೆಯಲ್ಲಿ ಏನಾಗುತ್ತದೆ ನೋಡಿ. 7 ವರ್ಷದವರೆಗಿನ ಅಪರಾಧವಾದರೆ ಬಂಧನಕ್ಕೆ ಕಾರಣ ಬರೆದಿಡಬೇಕು, ಇಲ್ಲವೇ ಬಂಧನ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸು ಕೊಟ್ಟು ಕರೆಸಬೇಕು. 69ರಲ್ಲಿ ಆ ತಡೆ ಸಡಿಲ. ಜಾಮೀನು ಹಕ್ಕಿನದಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನದು. ‘ಮೊದಲ ದಿನದ ಮನಸ್ಸು’ ತೂಗುವುದು ವಿಚಾರಣೆಯಲ್ಲಿ. ಹುಡುಗ ಒಳಗೆ ಹೋಗುವುದು ಅದಕ್ಕೂ ಮೊದಲೇ. ‘ಮದುವೆಯಾಗುವುದಾಗಿ ನಂಬಿಸಿ’ ಎಂಬ ಸಾಲು ದೂರಿನಲ್ಲಿದ್ದರಾಯಿತು.

ನಮ್ಮ ಕಡೆ ಮಾತು ಮುರಿಯುವುದು ಬಹಳ ಸಲ ಮನೆಯ ಕಟ್ಟೆಯ ಮೇಲೆ: ಜಾತಿ ಬೇರೆ, ಜಾತಕ ಕೂಡಲಿಲ್ಲ, ಅಕ್ಕನದು ಇನ್ನೂ ಆಗಿಲ್ಲ. ಹುಡುಗ ಅಂಜುಬುರುಕ ಇರಬಹುದು, ಮೋಸಗಾರನಲ್ಲ. 2003ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಜಾತಿಯ ಅಡ್ಡಿ ಇಬ್ಬರಿಗೂ ಗೊತ್ತಿತ್ತೆಂಬುದನ್ನು ಗಮನಿಸಿಯೇ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಟ್ಟಿತು.

ಆಮೇಲೆ ಹಿರಿಯರು ಕೂಡುತ್ತಾರೆ: ಲಗ್ನ ಮಾಡಿಕೊ, ಇಲ್ಲ ರೊಕ್ಕ ಇಡು. 69 ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ಕೇಸು ಕೈಬಿಡಲು ನಾಗರಿಕ ಸುರಕ್ಷಾ ಸಂಹಿತೆಯ 528ರಡಿ ಹೈಕೋರ್ಟಿಗೇ ಹೋಗಬೇಕು. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿಗೆ. ಅಲ್ಲಿ ‘ನನಗೆ ತಕರಾರಿಲ್ಲ’ ಎಂಬ ಅಫಿಡವಿಟ್‌ಗೆ ಸಹಿ ಹಾಕುವವಳು ಅದೇ ಹುಡುಗಿ. ಆ ಸಹಿಯ ಹಿಂದಿನ ಒಪ್ಪಿಗೆಯನ್ನು ಕೇಳುವವರು ಯಾರು?