ಎಡಗೈಗೆ ಮದ್ದು, ಬಲಗೈ ಸೊಳ್ಳೆಗೆ

ಸೊಳ್ಳೆ ಓಡಿಸುವ ಕ್ರೀಮು, ಸ್ಪ್ರೇ, ಎಣ್ಣೆಗಳಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ ಅಂತ ಮನೆಯಲ್ಲೇ ನೋಡಬೇಕಾದರೆ ಮೊದಲು ಬೇಕಾಗುವುದು ಸೊಳ್ಳೆ. ಮಲಗಿದ ಕೂಡಲೇ ಕಿವಿಯ ಹತ್ತಿರ ಗುಂಯ್ ಅನ್ನುವ ಇವು, ಅಂಗಿಯ ತೋಳು ಮಡಚಿ ಕೂತು "ಬನ್ರಪ್ಪಾ" ಅಂದರೆ ಒಂದೂ ಬರುವುದಿಲ್ಲ.

ಪ್ರಯೋಗಾಲಯದವರಿಗೆ ಈ ತಾಪತ್ರಯ ಇಲ್ಲ. ಹಸಿದ ಹೆಣ್ಣು ಸೊಳ್ಳೆಗಳನ್ನು ಪಂಜರಕ್ಕೆ ಬಿಟ್ಟು, ಮದ್ದು ಹಚ್ಚಿದ ಕೈಯನ್ನು ಒಳಗಿಟ್ಟು, ಮೊದಲ ಕಡಿತಕ್ಕೆ ಕಾಯುತ್ತಾರೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇಂಥ ಒಂದು ಪರೀಕ್ಷೆಯಲ್ಲಿ ಡೀಟ್ ಅನ್ನುವ, ಸೊಳ್ಳೆ ಓಡಿಸುವ ರಾಸಾಯನಿಕ ಶೇ 23.8 ಇದ್ದ ಮದ್ದು ಸರಾಸರಿ 5 ಗಂಟೆ ತಡೆಯಿತು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಮದ್ದಿನ ಪಟ್ಟಿ ಅರ್ಧ ನಿಮಿಷವೂ ತಡೆಯಲಿಲ್ಲ. ಕಟ್ಟಿಕೊಳ್ಳುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕಲ್ವಾ?

ನಾನು ಎಡಗೈಗೆ ಡೀಟ್ ಹಚ್ಚಿ ಬಲಗೈಯನ್ನು ಹಾಗೇ ಬಿಟ್ಟೆ. ಕೊನೆಗೂ ಒಂದು ಸೊಳ್ಳೆ ಬಂತು. ಎರಡೂ ಕೈಗಳನ್ನು ಬಿಟ್ಟು ಪಾದಕ್ಕೆ ಕಚ್ಚಿತು. ಅದರದ್ದೇನೂ ತಪ್ಪಿಲ್ಲ ಬಿಡಿ. ಈ ಮದ್ದು ಸೊಳ್ಳೆಯನ್ನು ಕೊಲ್ಲುವುದಿಲ್ಲ, ಹಚ್ಚಿದ ಜಾಗದಲ್ಲಿ ಕೂರಲು ಬಿಡುವುದಿಲ್ಲ, ಅಷ್ಟೇ. ಪಕ್ಕದಲ್ಲಿ ಬರೀ ಚರ್ಮ ಕಂಡರೆ ಅಲ್ಲಿ ಪಂಕ್ತಿ ಹಾಕಿಕೊಂಡು ಕೂರುತ್ತವೆ.

ಅದೇ ಎಡಗೈಯಲ್ಲಿ ಟಿವಿ ರಿಮೋಟ್ ಹಿಡಿದಿದ್ದೆ. ಡೀಟ್ ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ರಿಮೋಟಿನ ಹೊಳಪು ಹೋಗಿ, ಅಂಟಂಟಾಗಿ, ವಾಲ್ಯೂಮ್ ಬಟನ್ ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಅಚ್ಚಾಗಿದೆ. ಸೌಂಡ್ ಜಾಸ್ತಿ ಮಾಡಿದ್ದು ಯಾರು ಅನ್ನುವ ಜಗಳ ನಮ್ಮ ಮನೆಯಲ್ಲಿ ಇನ್ನಿಲ್ಲ. ಪಿಕಾರಿಡಿನ್ ಅನ್ನುವ ಇನ್ನೊಂದು ರಾಸಾಯನಿಕ ಇರುವ ಮದ್ದು ಪ್ಲಾಸ್ಟಿಕ್ಕಿನ ತಂಟೆಗೆ ಹೋಗುವುದಿಲ್ಲ ಅನ್ನುವುದು ಗೊತ್ತಿತ್ತು, ಆದರೆ ಡೀಟ್ ಡಬ್ಬಿ ಆಗಲೇ ತೆರೆದಾಗಿತ್ತು.

ಸಿಟ್ರೊನೆಲ್ಲಾ ಎಣ್ಣೆಯ ವಾಸನೆ ಚೆನ್ನಾಗಿದೆ. ಬೇಗ ಆವಿಯಾಗುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ಮಾತಿಗೆ ಬಂದವರು ಸೊಳ್ಳೆಗಿಂತ ಮೊದಲು ಎದ್ದು ಹೋದರು, ಅದೂ ಒಂದು ಲಾಭ. ಕಿವಿಗೆ ಕೇಳದ ಸದ್ದು ಮಾಡಿ ಸೊಳ್ಳೆ ಓಡಿಸುವ ಪುಟ್ಟ ಯಂತ್ರದ ಬಗ್ಗೆ ಹೇಳುವುದು ಒಂದೇ: ಸೊಳ್ಳೆ ಅದರ ಮೇಲೇ ಕೂತು ಕಾಲು ಉಜ್ಜುತ್ತಿತ್ತು. ಫ್ಯಾನೇ ವಾಸಿ. ಗಾಳಿ ಜೋರಾದರೆ ಸೊಳ್ಳೆಗೆ ಹಾರಲು ಆಗುವುದಿಲ್ಲ.

ನನ್ನ ಹೆಂಡತಿಯದು ಬೇರೆಯೇ ವಾದ. ಏನೂ ಹಚ್ಚದೆ ಪಕ್ಕದಲ್ಲೇ ಕೂತು, "ನನಗೊಂದೂ ಕಚ್ಚಲ್ಲಪ್ಪ, ನಿಮ್ಮದೇ ಏನೋ ದೋಷ" ಅನ್ನುತ್ತಾಳೆ. ಕಡಿತಕ್ಕೆ ಎಲ್ಲರ ಚರ್ಮವೂ ಒಂದೇ ಥರ ಉಬ್ಬುವುದಿಲ್ಲ, ಕಚ್ಚಿದ್ದು ಕೆಲವರಿಗೆ ಗೊತ್ತೇ ಆಗುವುದಿಲ್ಲ ಅಂದರೆ ನಂಬಲಿಲ್ಲ. ಮೊನ್ನೆ ಅವಳ ಮೊಣಕೈ ಮೇಲೆ ಒಂದು ಸೊಳ್ಳೆ, ಹೊಟ್ಟೆ ಕೆಂಪಗೆ ಊದಿಕೊಂಡು, ಆರಾಮಾಗಿ ಕೂತಿತ್ತು. ಸಾಕ್ಷಿ ಹಾರಿಹೋಗುವ ಮೊದಲೇ ಫಟ್ ಅಂತ ಹೊಡೆದೆ. ಹಾರಿಹೋಯಿತು. ಆಮೇಲೆ ನಾನು ಕೊಟ್ಟ ವಿವರಣೆಯನ್ನು ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.