ಏಳು ಕೆಜಿ ಉಪ್ಪಿನ ಋಣ

ಮೀನಿನಂಗಡಿಯ ಮುಂದೆ ನಿಂತು, "ಎರಡು ಸಿಗಡಿ ಕೊಡಿ" ಅಂದೆ.

"ಎರಡು ಕೆಜಿನಾ ಸಾರ್?"

"ಅಲ್ಲ. ಎರಡೇ ಎರಡು ಸಿಗಡಿ."

ಅಂಗಡಿಯವನು ತಕ್ಕಡಿಯಿಂದ ಕೈ ತೆಗೆದು ನನ್ನ ಮುಖ ನೋಡಿದ. ಹಣೆಯ ಮೇಲಿನ ಕುಂಕುಮವನ್ನೂ ನೋಡಿದ. ಆಮೇಲೆ ಮೆಲ್ಲಗೆ, "ಬೆಕ್ಕಿಗಾ?" ಅಂದ.

"ಹೂವಿಗೆ."

ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ಇಂಥವರ ಹತ್ತಿರ ದುಡ್ಡು ತಗೊಂಡರೆ ಒಳ್ಳೆಯದಾಗಲ್ಲ ಅನ್ನಿಸಿರಬೇಕು.

ಹೂವು ಅಂದಿದ್ದು ಪೂರ್ತಿ ಸುಳ್ಳೇನಲ್ಲ. ಅದರ ಹೆಸರು ಸೀ ಅನಿಮೋನ್. ನೋಡಿದರೆ ಕಡಲೊಳಗೆ ಅರಳಿದ ಹೂವೇ. ಆದರೆ ಅದು ಪ್ರಾಣಿ, ಜೆಲ್ಲಿ ಫಿಶ್ ಮತ್ತು ಹವಳದ ನೆಂಟ. ನಾವು ಎಸಳು ಅಂದುಕೊಳ್ಳುವುದೆಲ್ಲ ಅದರ ಕೈಗಳು. ಆ ಕೈಗಳ ತುಂಬ ಚುಚ್ಚುವ ಕೋಶಗಳು. ಹತ್ತಿರ ಬಂದ ಸಣ್ಣ ಜೀವಿಯನ್ನು ಚುಚ್ಚಿ, ಹಿಡಿದು, ನಡುವಿನ ಬಾಯಿಗೆ ಹಾಕಿಕೊಳ್ಳುತ್ತದೆ. ಅದಕ್ಕೆ ಮಿದುಳಿಲ್ಲ. ಆದರೂ ಒಂದೂವರೆ ವರ್ಷದಿಂದ ನಮ್ಮ ಮನೆ ನಡೆಯುತ್ತಿರುವುದು ಅದರ ಇಷ್ಟದಂತೆ.

ಇರುವುದು ಬೆಂಗಳೂರಿನ ಮೂರನೇ ಮಹಡಿಯಲ್ಲಿ. ಹತ್ತಿರದ ಕಡಲು ಬೇಕೆಂದರೂ ರಾತ್ರಿ ಬಸ್ಸು ಹತ್ತಬೇಕು. ಇಂಥ ಕಡೆ ಕಡಲು ಸಾಕಬೇಕು ಅಂತ ಯಾಕೆ ಹೊಳೆಯಿತೋ ಗೊತ್ತಿಲ್ಲ. 200 ಲೀಟರಿನ ಟ್ಯಾಂಕು ತಂದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಂದರೆ ಮೊದಲ ದಿನವೇ 7 ಕೆಜಿ ಉಪ್ಪು. ಅದರ ಬೆಲೆಯನ್ನು ಹೆಂಡತಿಗೆ ನಾನು ಹೇಳಿರಲಿಲ್ಲ. ಡಬ್ಬಿಯ ಮೇಲೆ ಬರೆದಿತ್ತು.

ಸುದ್ದಿ ಕುಮಟಾಕ್ಕೂ ಮುಟ್ಟಿತು. ಮಾವ ಫೋನ್ ಮಾಡಿದರು. "ಉಪ್ಪಿಗೆ ಅಷ್ಟು ದುಡ್ಡು ಕೊಟ್ರಾ ಅಳಿಯಂದಿರೇ? ಇಲ್ಲೇ ಸಾಣಿಕಟ್ಟೆಯಲ್ಲಿ ರಾಶಿ ಬಿದ್ದಿದೆಯಲ್ಲ!"

ಅಡುಗೆ ಉಪ್ಪು ಇದಕ್ಕೆ ಸಾಲುವುದಿಲ್ಲ ಮಾವ, ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತವೆ, ಉಪ್ಪಿನ ಆಗರದಲ್ಲಿ ಉಪ್ಪು ಗಟ್ಟಿಯಾದ ಮೇಲೆ ಮೆಗ್ನೀಸಿಯಂ ನೀರಿನಲ್ಲೇ ಉಳಿದುಬಿಡುತ್ತದೆ ಅಂತ ಐದು ನಿಮಿಷ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿದರು. ಕೊನೆಗೆ, "ಹಾಗಾದ್ರೆ ನೀರೇ ಎರಡು ಕ್ಯಾನ್ ಬಸ್ಸಿಗೆ ಹಾಕಲಾ?" ಅಂದರು.

ಮೊದಲ ಎಡವಟ್ಟು ಆ ಉಪ್ಪಿನಲ್ಲೇ ಆಯಿತು. ಏಪ್ರಿಲ್ ಸೆಕೆ. ನೀರು 26 ಡಿಗ್ರಿ ದಾಟಬಾರದು ಅಂತ ಮನೆಯ ಒಂದೇ ಟೇಬಲ್ ಫ್ಯಾನನ್ನು ಟ್ಯಾಂಕಿನ ಮೇಲೆ ತಿರುಗಿಸಿಟ್ಟೆ. ನಾವು ನಾಲ್ವರು ಪೇಪರ್ ಬೀಸಿಕೊಂಡೆವು. ಗಾಳಿಗೆ ನೀರು ದಿನಕ್ಕೆ ಎರಡು ಮೂರು ಲೀಟರ್ ಆರಿಹೋಗುತ್ತಿತ್ತು. ನಾನು ಶ್ರದ್ಧೆಯಿಂದ ಅಷ್ಟೇ ಉಪ್ಪುನೀರು ಕಲಸಿ ತುಂಬಿಸುತ್ತಿದ್ದೆ. ಎರಡು ವಾರ ಕಳೆದು ಅಳೆದರೆ ಸಾಂದ್ರತೆ 1.025 ಇರಬೇಕಾದ್ದು 1.030ಕ್ಕೆ ಹೋಗಿದೆ. ಯಂತ್ರ ಕೆಟ್ಟಿದೆ ಅಂತ ಇನ್ನೊಂದು ತಂದೆ. ಅದೂ ಅದನ್ನೇ ಹೇಳಿತು.

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಸಾರು ಬತ್ತಿದರೆ ಬರೀ ನೀರು ಹಾಕ್ತೀವಿ. ಮತ್ತೆ ಉಪ್ಪು ಹಾಕ್ತೀವೇನೋ?"

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಇದನ್ನು ನಾನು ಏಳನೇ ಕ್ಲಾಸಿನಲ್ಲಿ ಬರೆದು ಪೂರ್ತಿ ಮಾರ್ಕ್ಸ್ ತೆಗೆದುಕೊಂಡಿದ್ದೆ.

ಟ್ಯಾಂಕು ಹದಕ್ಕೆ ಬರಲು ಮೊದಲ ಆರು ವಾರ ಬರೀ ನೀರು, ಕಲ್ಲು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕು. ಬಂದವರೆಲ್ಲ "ಮೀನೆಲ್ಲಿ?" ಅನ್ನುತ್ತಿದ್ದರು. "ಬ್ಯಾಕ್ಟೀರಿಯಾ ಇದೆ ನೋಡಿ" ಅನ್ನುತ್ತಿದ್ದೆ. ಕೆಲವರು ಮತ್ತೆ ಬರಲಿಲ್ಲ.

ಆಮೇಲೆ ಎರಡು ಕ್ಲೌನ್ ಮೀನು ಬಂದವು. ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ. "ಇದರಲ್ಲಿ ಹೆಂಡತಿ ಯಾವುದು?" ಅಂತ ಅಮ್ಮ ಕೇಳಿದರು. "ದಪ್ಪಗಿರೋದು, ಜೋರು ಮಾಡೋದು" ಅಂದೆ. ಅದು ಪ್ರಾಣಿಶಾಸ್ತ್ರದ ಮಾತು. ಈ ಮೀನುಗಳೆಲ್ಲ ಹುಟ್ಟುವಾಗ ಗಂಡು. ಗುಂಪಿನ ಯಜಮಾನ ಹೆಣ್ಣಾಗುತ್ತದೆ. ಅದು ಸತ್ತರೆ ಗಂಡ ಆ ಜಾಗಕ್ಕೆ ಬಂದು ತಾನೇ ಹೆಣ್ಣಾಗುತ್ತಾನೆ. ಇಷ್ಟನ್ನೂ ಹೇಳಿ ಮುಗಿಸುವ ಮೊದಲೇ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗಿತ್ತು. ಅವತ್ತು ರಾತ್ರಿ ಉಪ್ಪಿಟ್ಟು. ಅದರಲ್ಲಿ ಉಪ್ಪಿರಲಿಲ್ಲ.

ಟ್ಯಾಂಕಿಗೆ ಎಂಟು ತಿಂಗಳಾದ ಮೇಲೆ ಅನಿಮೋನ್ ಬಂತು. ಬಬಲ್ ಟಿಪ್ ಅನ್ನುವ ಜಾತಿ. ಇದು ತಾನೇ ಎರಡಾಗಿ ಸೀಳಿಕೊಂಡು ಮರಿಯಾಗುತ್ತದೆ. ಈ ಹುಚ್ಚು ಹಿಡಿದ ಹುಡುಗನೊಬ್ಬನ ಮನೆಯಲ್ಲಿ ಹಾಗೆ ಒಂದು ಎರಡಾಗಿತ್ತು. ಒಂದನ್ನು ಅದು ಕೂತಿದ್ದ ಅಂಗೈಯಗಲದ ಕಲ್ಲಿನ ಸಮೇತ ಕೊಟ್ಟ. ಹೆಣ್ಣು ಕೊಡುವ ಮನೆಯವರ ಹಾಗೆ ಹತ್ತು ಪ್ರಶ್ನೆ ಕೇಳಿಯೇ ಕೊಟ್ಟ.

ಬಂದಾಗ ಪ್ರತಿ ಕೈಯ ತುದಿಯಲ್ಲೂ ದ್ರಾಕ್ಷಿಯಂಥ ಗುಳ್ಳೆ. ಎರಡು ವಾರಕ್ಕೆ ಗುಳ್ಳೆ ಮಾಯವಾಗಿ ಉದ್ದುದ್ದ ಎಳೆಗಳಾದವು. ಅದು ಯಾಕೆ ಹಾಗಾಗುತ್ತದೆ ಅಂತ ಸಾಕುವವರು ದಿನಗಟ್ಟಲೆ ಜಗಳವಾಡುತ್ತಾರೆ. ಅಮ್ಮ ಜಗಳಕ್ಕೆ ಹೋಗಲಿಲ್ಲ. "ಶ್ಯಾವಿಗೆ ಥರ ಇದೆ" ಅಂದರು. ಹೆಸರು ಶ್ಯಾವಿಗೆ ಅಂತಲೇ ನಿಂತಿತು.

ಶ್ಯಾವಿಗೆಗಾಗಿ ಟ್ಯಾಂಕಿನ ನಡುಮಧ್ಯೆ ಕಲ್ಲು ಜೋಡಿಸಿ ಪೀಠ ಮಾಡಿದ್ದೆ. ಮೇಲೆ ದೀಪ, ಸುತ್ತ ಹದವಾದ ಅಲೆ. ಸೋಫಾದಿಂದ ನೇರ ಕಾಣುವ ಜಾಗ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಪೀಠ ಖಾಲಿ.

ಅನಿಮೋನ್ ನಡೆಯುತ್ತದೆ ಅಂತ ಓದಿದ್ದೆ. ಬುಡದಲ್ಲಿ ಒಂದು ಪಾದ, ಅದನ್ನು ಹಿಗ್ಗಿಸಿ ಕುಗ್ಗಿಸಿ ಮೆಲ್ಲಗೆ ಜಾರುತ್ತದೆ. ಆದರೆ ಓದುವುದು ಬೇರೆ, ಆಫೀಸಿಗೆ ಹೊರಡುವ ಹೊತ್ತಿನಲ್ಲಿ ಟಾರ್ಚ್ ಹಿಡಿದು ಹುಡುಕುವುದು ಬೇರೆ. ಕಲ್ಲಿನ ಹಿಂದಿನ ಸಂದಿಯಲ್ಲಿ ಮುದುಡಿ ಕೂತಿತ್ತು. ಅದಕ್ಕೆ ಬೆಳಕು ಬೇಕು, ಮೈಯೊಳಗೆ ಪಾಚಿ ಸಾಕಿಕೊಂಡಿರುತ್ತದೆ, ಆ ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಇದಕ್ಕೂ ಬಡಿಸುತ್ತದೆ. ಅಷ್ಟು ದುಬಾರಿ ದೀಪ ತಂದದ್ದೇ ಅದಕ್ಕೆ. ಈ ಮಹಾತಾಯಿ ಕತ್ತಲೆಗೆ ಹೋಗಿ ಕೂತಿದ್ದಾಳೆ. ಮಗಳು, "ಅಪ್ಪಾ, ಅವಳಿಗೆ ಸ್ಪೇಸ್ ಬೇಕಂತೆ, ಬಿಡಿ" ಅಂದಳು. ಅವಳಿಗೆ ಹದಿಮೂರು ವರ್ಷ. ಅವಳ ರೂಮಿನ ಬಾಗಿಲೂ ಮುಚ್ಚೇ ಇರುತ್ತದೆ.

ನಾಲ್ಕನೇ ರಾತ್ರಿ ಶ್ಯಾವಿಗೆ ಗಾಜು ಹತ್ತಿತು. ಹೊರಟದ್ದು ವೇವ್ ಮೇಕರ್ ಕಡೆಗೆ. ನೀರಲ್ಲಿ ಅಲೆ ಎಬ್ಬಿಸುವ ಸಣ್ಣ ಫ್ಯಾನು ಅದು. ಅನಿಮೋನ್ ಅದಕ್ಕೆ ಸಿಕ್ಕಿದರೆ ಮಿಕ್ಸಿಗೆ ಹಾಕಿದ ಹಾಗೆ. ಅದು ಸಾಯುವುದಷ್ಟೇ ಅಲ್ಲ, ನೀರೆಲ್ಲ ಹಾಳಾಗಿ ಮೀನುಗಳೂ ಹೋಗುತ್ತವೆ. ಫ್ಯಾನಿಗೆ ಸ್ಪಂಜು ಕಟ್ಟಬೇಕು ಅಂತ ಆ ಹುಡುಗ ಮೂರು ಸಲ ಹೇಳಿದ್ದ. ನಾನು ಮೂರು ಸಲವೂ ತಲೆಯಾಡಿಸಿದ್ದೆ. ಈಗ ರಾತ್ರಿ ಹನ್ನೊಂದೂವರೆಗೆ ಯಾವ ಅಂಗಡಿ ತೆರೆದಿರುತ್ತದೆ? ಕೊನೆಗೆ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಹೊಸ ಸ್ಪಂಜು ಕದ್ದೆ. ಒಂದು ಕಡೆ ಅದಕ್ಕೆ ಹಸಿರು ನಾರು. ಅದನ್ನು ಕಿತ್ತು, ಉಳಿದದ್ದನ್ನು ಫ್ಯಾನಿಗೆ ದಾರದಿಂದ ಬಿಗಿದು ಕಟ್ಟಿ, ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಗಂಟೆಗೆ ಎರಡು ಇಂಚು ನಡೆಯುವ ಪ್ರಾಣಿಯನ್ನು ಕಾಯುವುದಿದೆಯಲ್ಲ, ಅದರಷ್ಟು ನಿದ್ದೆ ಬರಿಸುವ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ಐದಕ್ಕೆ ಎಚ್ಚರವಾದಾಗ ಅದು ಸ್ಪಂಜಿಗೆ ಒರಗಿ ಸುಖವಾಗಿತ್ತು. ನನ್ನ ಕುತ್ತಿಗೆ ಒಂದು ವಾರ ಎಡಕ್ಕೆ ತಿರುಗಲಿಲ್ಲ.

ಇಷ್ಟೆಲ್ಲ ಯಾರಿಗಾಗಿ? ಕ್ಲೌನ್ ಮೀನುಗಳು ಅದರ ಮಡಿಲಲ್ಲಿ ಆಡುವುದನ್ನು ನೋಡಲಿಕ್ಕೆ. ಮೈಮೇಲಿನ ಲೋಳೆಯಿಂದಾಗಿ ಅವಕ್ಕೆ ಅದು ಚುಚ್ಚುವುದಿಲ್ಲ. ನಮ್ಮ ಮೀನುಗಳು ಆ ಕಡೆ ತಿರುಗಿಯೂ ನೋಡಲಿಲ್ಲ. ಗಾಜು ಉಜ್ಜುವ ಬ್ರಷ್ಷಿನ ಪಕ್ಕದಲ್ಲಿ ಸಂಸಾರ ಹೂಡಿದವು. ಆಮೇಲೆ ತಿಳಿಯಿತು, ಈ ಜಾತಿಯ ಕ್ಲೌನ್‌ಗಳು ಕಡಲಿನಲ್ಲಿ ಬಬಲ್ ಟಿಪ್ ಜೊತೆ ಇರುವುದೇ ಇಲ್ಲ, ಅವುಗಳದ್ದು ಬೇರೆ ಅನಿಮೋನ್‌ಗಳು. ಟ್ಯಾಂಕಿನಲ್ಲಿ ಒಮ್ಮೊಮ್ಮೆ ಒಪ್ಪಿಕೊಳ್ಳುತ್ತವೆ, ಅಷ್ಟೇ. ಜಾತಕ ನೋಡದೆ ಸಂಬಂಧ ಮಾಡಿದ್ದು ನನ್ನ ತಪ್ಪು.

ಸಿಗಡಿಯ ವಿಷಯಕ್ಕೆ ಬರುತ್ತೇನೆ. ನಮ್ಮದು ಮೊಟ್ಟೆಯೂ ಬಾರದ ಮನೆ. ಚೂರು ಮಾಡಿದ ಸಿಗಡಿ ಫ್ರೀಜರಿನಲ್ಲಿ, ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿಯಲ್ಲಿದೆ. ಮೇಲೆ "ಔಷಧಿ" ಅಂತ ಚೀಟಿ. ಅಮ್ಮನಿಗೆ ಗೊತ್ತು. ಗೊತ್ತಿಲ್ಲದ ಹಾಗೆ ಇದ್ದಾರೆ. ವಾರಕ್ಕೊಮ್ಮೆ ಇಕ್ಕಳದಲ್ಲಿ ಒಂದು ಚೂರು ಕೊಟ್ಟರೆ ಶ್ಯಾವಿಗೆ ಮೆಲ್ಲಗೆ ಮಡಚಿಕೊಂಡು ನುಂಗುತ್ತದೆ. ನೋಡಲು ಚೆಂದ. ಆದರೆ ಈ ಜೀವಿಗೆ ಇರುವುದು ಒಂದೇ ಬಾಗಿಲು. ಒಳಗೆ ಹೋದದ್ದು ಅಲ್ಲಿಂದಲೇ ಹೊರಗೆ ಬರಬೇಕು. ಮಗಳು ಇದನ್ನು ಅಜ್ಜಿಗೆ ವಿವರಿಸಿದ್ದು ಊಟದ ಹೊತ್ತಿನಲ್ಲಿ. ಮಾರನೇ ವಾರ ನೆಂಟರು ಬಂದು, "ಎಷ್ಟು ಚೆನ್ನಾಗಿದೆ, ಹೂ ಅರಳಿದ ಹಾಗೆ" ಅನ್ನುವಾಗಲೇ ಶ್ಯಾವಿಗೆ ಕಂದು ಬಣ್ಣದ್ದೇನನ್ನೋ ಹೊರಹಾಕಿತು. "ಅದೇನು, ಪರಾಗವಾ?" ಅಂತ ಕೇಳಿದರು. ಹೌದು ಅಂದೆ.

ಇನ್ನು ಬೇಡದ ಅತಿಥಿಯ ಕಥೆ. ಆ ಹುಡುಗ ಕೊಟ್ಟ ಕಲ್ಲಿನ ಅಡಿಯಲ್ಲಿ ಅಕ್ಕಿಕಾಳಿನಷ್ಟು ಇನ್ನೊಂದು ಅನಿಮೋನ್ ಪುಕ್ಕಟೆ ಬಂದಿತ್ತು. ಐಪ್ಟೇಸಿಯಾ ಅಂತ. ಗಾಜಿನಂಥ ಕಂದು ಮೈ. ಇದಕ್ಕೆ ದೀಪ ಬೇಡ, ಪೀಠ ಬೇಡ, ಸಿಗಡಿ ಬೇಡ. ಇಟ್ಟಲ್ಲಿ ಇರುತ್ತದೆ, ಒಂದು ದಿನವೂ ಮುನಿಸಿಲ್ಲ. ಸಾಕುವವನಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಸಿಕ್ಕಲಾರದು. ಆದರೆ ಟ್ಯಾಂಕೆಲ್ಲ ಆಕ್ರಮಿಸಿ ಉಳಿದವನ್ನು ಚುಚ್ಚುತ್ತದೆ. ಇಕ್ಕಳದಲ್ಲಿ ಕಿತ್ತೆ. ಕಿತ್ತಾಗ ಉಳಿದ ಒಂದೊಂದು ಚೂರೂ ಒಂದೊಂದು ಹೊಸ ಐಪ್ಟೇಸಿಯಾ ಆಗುತ್ತದೆ ಅಂತ ಆಮೇಲೆ ಓದಿದೆ. ತಿಂಗಳು ಕಳೆಯುವುದರಲ್ಲಿ ಏಳಾದವು. ರಕ್ತಬೀಜಾಸುರನನ್ನು ಇಕ್ಕಳದಲ್ಲಿ ಕೊಲ್ಲಲು ಹೋದವನು ನಾನೊಬ್ಬನೇ ಇರಬೇಕು.

ರಕ್ತಬೀಜನಿಗೆ ಕಾಳಿ ಬಂದ ಹಾಗೆ ಇದಕ್ಕೆ ಪೆಪ್ಪರ್‌ಮಿಂಟ್ ಸಿಗಡಿ ಅಂತ ಒಂದಿದೆ. ಐಪ್ಟೇಸಿಯಾ ತಿನ್ನುತ್ತದೆ. ತಂದು ಬಿಟ್ಟೆ. ನಮ್ಮ ಕಾಳಿ ರಾಕ್ಷಸನನ್ನು ಮೂಸಿಯೂ ನೋಡದೆ ಶ್ಯಾವಿಗೆಯ ಬಾಯಿಗೆ ಕೈಹಾಕಿ ಅದರ ಊಟ ಕಿತ್ತುಕೊಂಡಿತು. ಸಿಗಡಿಯ ಕೈಯಿಂದ ಸಿಗಡಿ ಕಾಯುವುದು ನನ್ನ ಹೊಸ ಕೆಲಸ.

ಇನ್ನೊಂದು ಮದ್ದು ಕಾಲ್ಕ್‌ವಾಸರ್. ಗಟ್ಟಿಯಾಗಿ ಕಲಸಿ ಸಿರಿಂಜಿನಲ್ಲಿ ಐಪ್ಟೇಸಿಯಾದ ಬಾಯಿಗೆ ಬಿಡಬೇಕು. ಹೆಸರು ಕೇಳಿ ಏನೋ ದೊಡ್ಡ ರಾಸಾಯನಿಕ ಅಂದುಕೊಂಡಿದ್ದೆ. ಆ ಜರ್ಮನ್ ಪದಕ್ಕೆ ಅರ್ಥ ಸುಣ್ಣದ ನೀರು. ಅಮ್ಮನ ಎಲೆ ಅಡಿಕೆ ತಟ್ಟೆಯಲ್ಲಿ ಐವತ್ತು ವರ್ಷದಿಂದ ಇರುವ ಅದೇ ಸುಣ್ಣ. ಅಮ್ಮ ಡಬ್ಬಿ ಕೊಟ್ಟು, "ಎಷ್ಟು ಬೇಕೋ ಅಷ್ಟೇ ಹಚ್ಚು, ಜಾಸ್ತಿಯಾದರೆ ಬಾಯಿ ಸುಡುತ್ತೆ" ಅಂದರು. ಸುಡಬೇಕಾದದ್ದೇ ಬಾಯಿ. ಮೊದಲನೆಯದು ಎರಡೇ ನಿಮಿಷಕ್ಕೆ ಕರಗಿತು. ಖುಷಿಯಲ್ಲಿ ಮುಂದಿನದಕ್ಕೆ ಹೋದೆ. ವೇವ್ ಮೇಕರ್ ಆರಿಸುವುದು ಮರೆತಿದ್ದೆ. ಸುಣ್ಣ ಮೋಡವಾಗಿ ಎದ್ದು ಇಡೀ ಟ್ಯಾಂಕು ದೀಪಾವಳಿಗೆ ಬಳಿದ ಗೋಡೆಯ ಹಾಗಾಯಿತು. ಮೀನು ಕಾಣದು, ಕಲ್ಲು ಕಾಣದು. ಅರ್ಧ ನೀರು ಬದಲಿಸಿದೆ. ಮೂರೂವರೆ ಕೆಜಿ ಉಪ್ಪು. ತಿಳಿಯಾದ ಮೇಲೆ ಮೊದಲು ಕಂಡದ್ದು ಉಳಿದ ಆರು ಐಪ್ಟೇಸಿಯಾ. ಸುಣ್ಣ ಬಳಿಸಿಕೊಂಡ ಮನೆಯವರ ಹಾಗೆ ಸಂಭ್ರಮದಲ್ಲಿದ್ದವು.

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಕರೆಂಟ್ ಹೋಯಿತು. ಯುಪಿಎಸ್ ಎರಡು ಗಂಟೆ ಎಳೆಯಿತು. ಆಮೇಲೆ ಪಂಪು ನಿಂತಿತು. ನೀರು ಕದಡದಿದ್ದರೆ ಉಸಿರಿಗೆ ಗಾಳಿ ಸೇರುವುದಿಲ್ಲ. ನಾನು ಕೈ ಹಿಸುಕಿಕೊಳ್ಳುತ್ತಿದ್ದೆ. ಅಮ್ಮ ಒಂದು ಚೊಂಬು ತಂದರು. "ಕಾಫಿ ಆರಿಸಲ್ವಾ? ಹಾಗೆ ಎತ್ತಿ ಎತ್ತಿ ಸುರಿ."

ಸುರಿದೆವು. ಅರ್ಧ ಗಂಟೆಗೊಬ್ಬರಂತೆ ಪಾಳಿ ಹಾಕಿಕೊಂಡು ನಾಲ್ವರೂ ಸುರಿದೆವು. ಮಗಳು ತನ್ನ ಪಾಳಿ ಮುಗಿಸಿ ಫೋನಿನಲ್ಲಿ ಹುಡುಕಿ ಹೇಳಿದಳು. 1846ರಲ್ಲಿ ಲಂಡನ್ನಿನಲ್ಲಿ ಆ್ಯನಾ ಥಿನ್ ಅನ್ನುವ ಹೆಂಗಸು ಮನೆಯಲ್ಲಿ ಹವಳ ಸಾಕಿದ್ದಳಂತೆ. ಕರೆಂಟೂ ಇಲ್ಲ, ಪಂಪೂ ಇಲ್ಲ. ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ದಿನಾ ಅರ್ಧ ಮುಕ್ಕಾಲು ಗಂಟೆ ಕಡಲ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳಂತೆ. "ಹೆಸರು ಮಾತ್ರ ಯಜಮಾನಿಯದ್ದು ಬಂತು ನೋಡು" ಅಂತ ಹೆಂಡತಿ ಚೊಂಬು ನನ್ನ ಕೈಗೆ ಕೊಟ್ಟಳು. ಮಧ್ಯಾಹ್ನ ಮೂರಕ್ಕೆ ಕರೆಂಟ್ ಬಂತು. ಅಷ್ಟು ಹೊತ್ತೂ ಶ್ಯಾವಿಗೆ ಒಂದಿಂಚೂ ಕದಲದೆ ಅರಳಿಕೊಂಡು ನೋಡುತ್ತಿತ್ತು. ಕಣ್ಣಿಲ್ಲ ಅದಕ್ಕೆ, ಆದರೂ ನೋಡುತ್ತಿತ್ತು.

ಅವತ್ತು ಅಮ್ಮ ಕೇಳಿದರು, "ಇದು ಎಷ್ಟು ವರ್ಷ ಬದುಕುತ್ತೋ?"

ಇದರದ್ದೇ ದಾಯಾದಿ ಜಾತಿಯ ಒಂದನ್ನು 1828ರಲ್ಲಿ ಸ್ಕಾಟ್ಲೆಂಡಿನ ಕಡಲ ದಡದಿಂದ ಜಾನ್ ಡಾಲ್ಯೆಲ್ ಅನ್ನುವವರು ತಂದು ಗಾಜಿನ ಜಾಡಿಯಲ್ಲಿ ಇಟ್ಟಿದ್ದರು. ಎಲ್ಲರೂ ಅದನ್ನು "ಅಜ್ಜಿ" ಅಂತಲೇ ಕರೆಯುತ್ತಿದ್ದರು. ಡಾಲ್ಯೆಲ್ 1851ರಲ್ಲಿ ತೀರಿಕೊಂಡರು. ಅಜ್ಜಿ ಕೈಯಿಂದ ಕೈಗೆ ದಾಟುತ್ತಾ 1887ರವರೆಗೆ ಇದ್ದಳು.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಮೊಮ್ಮಗಳ ಕಡೆ ನೋಡಿದರು. ಮೊಮ್ಮಗಳು ಮೆಲ್ಲಗೆ ಎದ್ದು ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ಮೂರು ತಿಂಗಳಿಂದ ಶ್ಯಾವಿಗೆ ಒಂದೇ ಜಾಗದಲ್ಲಿದೆ. ಟ್ಯಾಂಕಿನ ಮುಂದಿನ ಗಾಜಿಗೆ ಪಾದ ಅಂಟಿಸಿಕೊಂಡು, ಕೈಗಳನ್ನೆಲ್ಲ ಹಿಂದಿನ ಗೋಡೆಯ ಕಡೆಗೆ ಅರಳಿಸಿದೆ. ಸೋಫಾದಲ್ಲಿ ಕೂತವರಿಗೆ ಕಾಣುವುದು ಒಂದು ಕೆಂಪು ತಟ್ಟೆ. ಪಾದದರ್ಶನ ಮಾಡಿಕೊಂಡು, ಕಾಫಿ ಕುಡಿದು ಹೋಗುತ್ತಾರೆ. ಮುಖ ನೋಡಬೇಕಾದರೆ ಟ್ಯಾಂಕಿನ ಹಿಂದಕ್ಕೆ ಬರಬೇಕು. ಟ್ಯಾಂಕಿಗೂ ಗೋಡೆಗೂ ನಡುವೆ ಹತ್ತು ಇಂಚು ಜಾಗವಿದೆ. ನಾನು ದಿನಾ ರಾತ್ರಿ ಅಡ್ಡಡ್ಡ ನುಸುಳಿ ಹೋಗಿ, ಬೆನ್ನನ್ನು ಗೋಡೆಗೆ ಹಚ್ಚಿ ನಿಂತು ನೋಡುತ್ತೇನೆ. ನಿನ್ನೆ ರಾತ್ರಿ ಹಾಗೆ ನಿಂತಾಗ ದಪ್ಪ ಮೀನು ಬ್ರಷ್ಷು ಬಿಟ್ಟು ಬಂದು, ಶ್ಯಾವಿಗೆಯ ಒಂದೇ ಒಂದು ಎಳೆಯನ್ನು ಮೂತಿಯಿಂದ ಮುಟ್ಟಿ ಹೋಯಿತು.

"ಬನ್ನಿ ಬನ್ನಿ, ಬೇಗ ಬನ್ನಿ!" ಅಂತ ಕೂಗಿದೆ. ಮನೆಯವರೆಲ್ಲ ಓಡಿ ಬಂದು ಮುಂದಿನ ಗಾಜಿನ ಎದುರು ನಿಂತರು.